ಹಳ್ಳಿಯಲ್ಲಿ ಮಕ್ಕಳ ದೀರ್ಘ ರಜೆ: ಎಷ್ಟು ಬಿಡಬೇಕು, ಎಲ್ಲಿ ತಡೆಯಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮಗೆ ಇಬ್ಬರು ಮಕ್ಕಳು. ಮಗನಿಗೆ ಎಂಟು ವರ್ಷ, ಮಗಳಿಗೆ ಮೂರೂವರೆ. ನಾವಿರುವುದು ನಗರದ ಬಹುಮಹಡಿ ಕಟ್ಟಡವೊಂದರಲ್ಲಿ. ಈ ವರ್ಷದ ದೊಡ್ಡ ರಜೆಯನ್ನು ಮಕ್ಕಳು ನನ್ನ ಅತ್ತೆ-ಮಾವನವರ ಹಳ್ಳಿಯ ಮನೆಯಲ್ಲಿ ಕಳೆಯಲಿ ಎಂದು ನಾನೂ ಪತಿಯೂ ಒಪ್ಪಿಕೊಂಡಿದ್ದೇವೆ. ಮೊದಲ ಭಾಗದಲ್ಲಿ ನಾನು ಜೊತೆಗಿರುತ್ತೇನೆ, ಕೊನೆಯ ಭಾಗಕ್ಕೆ ಪತಿ ಬರುತ್ತಾರೆ, ನಡುವೆ ಕೆಲವು ದಿನ ಮಕ್ಕಳು ಅಜ್ಜ-ಅಜ್ಜಿಯರ ಬಳಿಯೇ ಇರಬೇಕಾಗುತ್ತದೆ.

ಮನೆಯ ಹಿಂದೆ ಹೊಲವಿದೆ, ಹೊಲದ ಅಂಚಿನಲ್ಲಿ ಬೇಲಿಯಿಲ್ಲದ ಒಂದು ನೀರಿನ ಹೊಂಡವಿದೆ. ಕೊಟ್ಟಿಗೆ, ಕೋಳಿಗಳು, ಕಟ್ಟಿ ಹಾಕದ ಒಂದು ನಾಯಿ, ಔಷಧಿ ಡಬ್ಬಿಗಳನ್ನೂ ಹಾರೆ-ಗುದ್ದಲಿಗಳನ್ನೂ ಒಟ್ಟಿಗೇ ಇಟ್ಟಿರುವ ಒಂದು ಕೋಣೆ ಇವೆಲ್ಲವೂ ಇವೆ. ಪತಿ ಅಲ್ಲಿಯೇ ಹುಟ್ಟಿ ಬೆಳೆದವರಾದ್ದರಿಂದ, ನಾನು ಏನಾದರೂ ಹೇಳಿದೊಡನೆ “ನಾವೆಲ್ಲ ಹೀಗೆಯೇ ಬೆಳೆದವರಲ್ಲವೇ, ನಮಗೇನಾಯಿತು?” ಎನ್ನುತ್ತಾರೆ. ನನಗೆ ಆ ಮಾತಿನಿಂದ ಸಮಾಧಾನವಾಗುವುದಿಲ್ಲ. ಹಾಗೆಂದು ಮಕ್ಕಳನ್ನು ಹಜಾರದಲ್ಲಿ ಕೂರಿಸಿ ಕಾಯುವುದಾದರೆ ಅಷ್ಟು ದೂರ ಹೋಗುವ ಅರ್ಥವೇನು ಎಂಬುದೂ ನನಗೆ ಗೊತ್ತು.

ಇನ್ನೊಂದು ಚಿಂತೆ ಬೇರೆ ಬಗೆಯದು. ಹಿಂದೆ ಸ್ವಲ್ಪ ದಿನಗಳ ಮಟ್ಟಿಗೆ ಹೋಗಿದ್ದಾಗ ಮಗ ಎರಡನೆಯ ದಿನವೇ ಜಗಲಿಯ ಬೆಂಚಿನ ಮೇಲೆ ಅಂಗಾತ ಮಲಗಿ, “ಇಲ್ಲಿ ಮಾಡುವುದಕ್ಕೆ ಏನೂ ಇಲ್ಲ, ಟ್ಯಾಬ್ ಕೊಡು” ಎಂದು ಗೋಳಾಡಿದ್ದ. ಮಗಳಿಗೆ ಸಂಜೆಯಾದೊಡನೆ ಕತ್ತಲೆಯ ಭಯ. ಮನೆಯಿಂದ ಹೊರಗಿರುವ ಶೌಚಾಲಯಕ್ಕೆ ಹೋಗುವುದಿಲ್ಲವೆಂದು ಹಟ ಹಿಡಿದಿದ್ದಳು. ಹೀಗಿರುವಾಗ ದಿನಚರಿಯೊಂದನ್ನು ಮೊದಲೇ ಹಾಕಿಕೊಂಡು ಹೋಗಬೇಕೇ? ನಿಜವಾಗಿ ಹೆದರಬೇಕಾದದ್ದು ಯಾವುದಕ್ಕೆ, ಸುಮ್ಮನೆ ಬಿಟ್ಟುಬಿಡಬಹುದಾದದ್ದು ಯಾವುದು? ಅತ್ತೆ-ಮಾವನವರಿಗೆ ನೋವಾಗದಂತೆ ಇವನ್ನೆಲ್ಲ ಹೇಳುವ ಬಗೆ ಹೇಗೆ? ಮಕ್ಕಳನ್ನು ಹಳ್ಳಿಯಲ್ಲಿ ಬೆಳೆಸಿದವರು, ರಜೆಗೆ ಮೊಮ್ಮಕ್ಕಳನ್ನು ಬರಮಾಡಿಕೊಳ್ಳುವವರು ದಯವಿಟ್ಟು ತಿಳಿಸಿ.

ಉತ್ತರ 1: ಹೊಲದ ಮನೆಯಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ತಾಯಿ

ನನ್ನ ಮೂವರು ಮಕ್ಕಳು ಬೆಳೆಯುತ್ತಿರುವುದು ಹೊಲದ ನಡುವಿನ ಮನೆಯಲ್ಲಿ. ಪ್ರತಿ ರಜೆಗೂ ನಗರದಿಂದ ನಾದಿನಿಯ ಮಕ್ಕಳು ಬಂದು ಸೇರಿಕೊಳ್ಳುತ್ತಾರೆ. ಆದ್ದರಿಂದ ಬೆಂಚಿನ ಮೇಲೆ ಅಂಗಾತ ಮಲಗಿ ಟ್ಯಾಬ್ ಕೇಳುವ ಹುಡುಗ ನನಗೆ ಬಹಳ ಪರಿಚಿತ. ಆ ಬೇಸರಕ್ಕೆ ಮದ್ದು ಹುಡುಕಬೇಡಿ ಎಂಬುದು ನನ್ನ ಮೊದಲ ಮಾತು. ನಗರದಲ್ಲಿ ಗಂಟೆಗೊಂದು ತರಗತಿ, ತರಗತಿಗೊಬ್ಬ ಶಿಕ್ಷಕರು ಎಂಬಂತೆ ದಿನ ಕಳೆಯುವ ಮಗುವಿಗೆ ಯಾರೂ ಏನೂ ಹೇಳದ ಮಧ್ಯಾಹ್ನವೊಂದು ಎದುರಾದಾಗ ಏನು ಮಾಡಬೇಕೆಂದು ತೋಚುವುದಿಲ್ಲ. ಆ ತೋಚದ ಹೊತ್ತನ್ನು ದೊಡ್ಡವರು ಆತುರಪಟ್ಟು ತುಂಬಿಬಿಟ್ಟರೆ ಮಗು ತಾನಾಗಿ ಏನನ್ನೂ ಹುಡುಕಿಕೊಳ್ಳುವುದಿಲ್ಲ. ಬಿಟ್ಟುಬಿಟ್ಟರೆ ಕೆಲವು ದಿನ ಗೊಣಗಿ, ಆಮೇಲೆ ಒಂದು ದಿನ ಕಾಣೆಯಾಗಿರುತ್ತದೆ. ಹೋಗಿ ನೋಡಿದರೆ ಸೂರಿನ ಕೆಳಗೆ ಮಳೆ ಬೀಳದ ಜಾಗದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿರುತ್ತದೆ.

ಅಲ್ಲಿ ನುಣ್ಣನೆಯ ಧೂಳಿನಲ್ಲಿ ಆಲಿಕೆಯಂಥ ಪುಟ್ಟ ಕುಳಿಗಳಿರುತ್ತವೆ, ನೋಡಿದ್ದೀರಾ? ಕುಳಿಯ ತಳದಲ್ಲಿ ಒಂದು ಹುಳ ಮೈಯನ್ನು ಮಣ್ಣಿನಲ್ಲಿ ಹೂತುಕೊಂಡು, ಇರುವೆ ಜಾರಿ ಬೀಳಲಿ ಎಂದು ಕಾಯುತ್ತಿರುತ್ತದೆ. ಇರುವೆ ಮೇಲೆ ಹತ್ತಲು ಹೆಣಗಾಡಿದರೆ ಕೆಳಗಿನಿಂದ ಮಣ್ಣು ಎರಚಿ ಮತ್ತೆ ಜಾರಿಸುತ್ತದೆ. ನಮ್ಮ ನಾದಿನಿಯ ಮಗ ಹುಲ್ಲುಕಡ್ಡಿಯ ತುದಿಯಿಂದ ಕುಳಿಯ ಅಂಚನ್ನು ಸ್ವಲ್ಪವೇ ಕದಲಿಸಿ, ಹುಳ ಮೋಸಹೋಗುತ್ತದೆಯೇ ಇಲ್ಲವೇ ಎಂದು ಊಟದ ಹೊತ್ತು ಮೀರುವವರೆಗೂ ಪರೀಕ್ಷಿಸಿದ. ಆಮೇಲೆ ಅದನ್ನು ಅಂಗೈಯಲ್ಲಿಟ್ಟುಕೊಂಡು, ಅದು ಮುಂದಕ್ಕೆ ನಡೆಯದೆ ಹಿಂದಕ್ಕೇ ನಡೆಯುತ್ತದೆ ಎಂಬುದನ್ನು ತಾನೇ ಕಂಡುಹಿಡಿದ. ನಾನು ಮೊದಲೇ ಕರೆದುಕೊಂಡು ಹೋಗಿ, ‘ಇದು ಇಂಥ ಹುಳ, ಹೀಗೆ ಮಾಡುತ್ತದೆ’ ಎಂದು ವಿವರಿಸಿದ್ದರೆ ಎರಡು ನಿಮಿಷ ನೋಡಿ ಎದ್ದುಬಿಡುತ್ತಿದ್ದ. ಆದ್ದರಿಂದ ದಿನಚರಿಯ ಹಾಳೆಯನ್ನು ಮನೆಯಲ್ಲಿಯೇ ಬಿಟ್ಟು ಹೋಗಿ.

ಆದರೆ ಎಂಟು ವರ್ಷದ ಹುಡುಗನಿಗೆ ಒಂದು ಕೆಲಸವನ್ನು ಕೊಡಲೇಬೇಕು, ಅದು ಆಟಕ್ಕೆ ಕೊಟ್ಟ ಕೆಲಸವಾಗಿರಬಾರದು. ಕೋಳಿಗಳಿಗೆ ಬೆಳಿಗ್ಗೆ ಸಂಜೆ ನೀರಿಡುವುದು, ಕತ್ತಲಾಗುವ ಮುನ್ನ ಗೂಡಿಗೆ ಬಂದವನ್ನು ಎಣಿಸಿ ಬಾಗಿಲು ಹಾಕುವುದು ಅವನ ಹೊಣೆಯಾಗಲಿ. ಅವನು ಮರೆತರೆ ಯಾರೂ ಬೈಯುವುದು ಬೇಡ. ಬೋಗುಣಿ ಒಣಗಿರುವುದನ್ನು, ಕೋಳಿಗಳು ಅದರ ಸುತ್ತ ಕೊಕ್ಕು ತೆರೆದು ನಿಂತಿರುವುದನ್ನು ಅವನಿಗೆ ತೋರಿಸಿದರೆ ಸಾಕು. ಮಕ್ಕಳಿಗೆ ಕೃತಕ ಕೆಲಸ ಬೇಗ ಗೊತ್ತಾಗಿಬಿಡುತ್ತದೆ. ಟ್ಯಾಬನ್ನು ಪೂರ್ತಿ ನಿಷೇಧಿಸುವ ಅಗತ್ಯ ನನಗೆ ಕಂಡಿಲ್ಲ. ಊಟವಾದ ಮೇಲೆ ಬಿಸಿಲಿನ ಹೊತ್ತಿನಲ್ಲಿ ಇಷ್ಟು ಸಮಯ ಎಂದು ಗೊತ್ತುಮಾಡಿ, ಅದನ್ನು ಅಜ್ಜ-ಅಜ್ಜಿಯರಿಗೂ ತಿಳಿಸಿ; ಇಲ್ಲದಿದ್ದರೆ ಅಜ್ಜನ ಮೊಬೈಲ್ ಎಂಬ ಕಳ್ಳದಾರಿ ತೆರೆದೇ ಇರುತ್ತದೆ.

ಚಿಕ್ಕವಳ ಭಯದ ಬಗ್ಗೆ ಒಂದು ಮಾತು. ಬೆಳಕಿನ ಕೋಣೆಯಿಂದ ಒಮ್ಮೆಲೇ ಹೊರಗೆ ಕರೆದೊಯ್ದರೆ ಯಾರಿಗಾದರೂ ಕಣ್ಣು ಕಾಣುವುದಿಲ್ಲ. ಕತ್ತಲೆಗೆ ಕಣ್ಣು ಚೆನ್ನಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕಾಗುತ್ತದೆ, ನಡುವೆ ಯಾರಾದರೂ ಮೊಬೈಲಿನ ಬೆಳಕನ್ನು ಕಣ್ಣಿಗೆ ಬಿಟ್ಟರೆ ಮತ್ತೆ ಮೊದಲಿನಿಂದ ಆರಂಭ. ಹೊತ್ತು ಮುಳುಗುವ ಮುಂಚೆಯೇ ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು ಅಂಗಳದಲ್ಲಿ ಕುಳಿತುಬಿಡಿ; ಕತ್ತಲೆ ಮೆಲ್ಲಗೆ ಬರುವುದನ್ನು ನೋಡಿದ ಮಗುವಿಗೆ ಅದು ಅಪರಿಚಿತವಾಗಿ ಉಳಿಯುವುದಿಲ್ಲ. ಶೌಚಾಲಯಕ್ಕಂತೂ ಹಟ ಮಾಡಿಸಬೇಡಿ, ಮೊದಲ ದಿನಗಳಲ್ಲಿ ಮನೆಯೊಳಗೇ ಒಂದು ಮಕ್ಕಳ ಪಾಟಿ ಇಟ್ಟರೆ ಮುಗಿಯಿತು.

ಉತ್ತರ 2: ಮಕ್ಕಳ ವೈದ್ಯೆ

ಮೇಲಿನವರು ಬರೆದದ್ದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಆದರೆ ಮಕ್ಕಳನ್ನು ನಿಶ್ಚಿಂತೆಯಿಂದ ಬಿಡಬೇಕಾದರೆ ಕೆಲವೇ ಕೆಲವು ವಿಷಯಗಳಲ್ಲಿ ಸ್ವಲ್ಪವೂ ಬಿಡದಂತೆ ಇರಬೇಕಾಗುತ್ತದೆ. ಅವುಗಳಲ್ಲಿ ನೀರಿಗೆ ಮೊದಲ ಸ್ಥಾನ, ಎರಡನೆಯದು ಅದರಿಂದ ಬಹಳ ದೂರದಲ್ಲಿದೆ ಎಂದರೂ ತಪ್ಪಾಗದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತಿದ್ದಾರೆ; ಅವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು ಐದು ವರ್ಷದೊಳಗಿನ ಮಕ್ಕಳು. ನಿಮ್ಮ ಮಗಳು ಇರುವುದು ಸರಿಯಾಗಿ ಆ ವಯಸ್ಸಿನಲ್ಲಿ. ಈ ವಯಸ್ಸಿನ ಮಗುವಿಗೆ ನಡೆಯಲು ಬರುತ್ತದೆ, ನೀರಿನ ಆಕರ್ಷಣೆಯಿರುತ್ತದೆ, ಅಪಾಯದ ಅರಿವಿರುವುದಿಲ್ಲ. ತಲೆಯ ಭಾರ ಹೆಚ್ಚಾದ್ದರಿಂದ ಬಗ್ಗಿ ನೋಡುವಾಗ ತಲೆಕೆಳಗಾಗಿ ಬೀಳುತ್ತದೆ, ಬಿದ್ದ ಮೇಲೆ ತಾನಾಗಿ ಏಳಲಾಗುವುದಿಲ್ಲ. ಹೊಂಡವೇ ಬೇಕೆಂದಿಲ್ಲ, ಅರ್ಧ ತುಂಬಿದ ಬಕೆಟ್ಟೂ ಸಾಕು. ಮುಳುಗುವ ಮಗು ಕೂಗಿ ಕರೆಯುತ್ತದೆ, ಕೈಬಡಿಯುತ್ತದೆ ಎಂದು ಜನ ನಂಬಿದ್ದಾರೆ. ಬಾಯಿ ನೀರಿನಲ್ಲಿರುವಾಗ ಕೂಗುವುದು ಹೇಗೆ? ಹೆಚ್ಚಿನ ಸಲ ಎಲ್ಲವೂ ಸದ್ದಿಲ್ಲದೆ, ಒಂದೆರಡು ನಿಮಿಷಗಳಲ್ಲಿ ಮುಗಿದುಹೋಗಿರುತ್ತದೆ.

ಆದ್ದರಿಂದ ನೀವು ಹೊರಡುವುದಕ್ಕೆ ಮುಂಚೆಯೇ ಆ ಹೊಂಡಕ್ಕೆ ಬೇಲಿ ಆಗಿರಬೇಕು. ಮಗು ಹತ್ತಲಾಗದಷ್ಟು ಎತ್ತರವಿರುವ, ಕೆಳಗೆ ನುಸುಳಲು ಸಂದಿಯಿಲ್ಲದ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲಿರುವ ಬೇಲಿ. ಅದು ಆಗದಿದ್ದರೆ ಮನೆಯಂಗಳಕ್ಕಾದರೂ ಗಟ್ಟಿ ಬಾಗಿಲು ಹಾಕಿಸಿ, ಮಗು ಒಬ್ಬಳೇ ಹೊಲದ ಕಡೆಗೆ ದಾಟದಂತೆ ಮಾಡಿ. ಡ್ರಮ್ಮುಗಳಿಗೂ ತೊಟ್ಟಿಗೂ ಮುಚ್ಚಳವಿರಲಿ, ಬಳಸಿದ ಬಕೆಟ್ಟನ್ನು ಬೋರಲು ಹಾಕುವ ರೂಢಿಯಾಗಲಿ. ಗಾಳಿ ತುಂಬಿದ ಆಟಿಕೆಗಳನ್ನು ರಕ್ಷಣೆಯ ಸಾಧನವೆಂದು ನಂಬಬೇಡಿ. ಮನೆ ತುಂಬ ಜನರಿರುವ ದಿನ ಅಪಾಯ ಕಡಿಮೆಯಲ್ಲ, ಹೆಚ್ಚು. ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆಂದು ತಿಳಿದಿರುತ್ತಾರೆ. ‘ಈಗ ಮಗು ನನ್ನ ವಶದಲ್ಲಿ’ ಎಂದು ಒಬ್ಬರು ಬಾಯಿಬಿಟ್ಟು ಹೇಳಿ, ಏಳುವಾಗ ಇನ್ನೊಬ್ಬರಿಗೆ ಹೇಳಿಯೇ ಏಳಬೇಕು. ಊಟದ ನಂತರ ಹಿರಿಯರು ಒರಗಿಕೊಳ್ಳುವ ಹೊತ್ತು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಅಪಾಯದ್ದು. ಮಗನಿಗೆ ಈಜು ಕಲಿಯುವ ವಯಸ್ಸಾಗಿದೆ. ಕಲಿಸಿ, ಆದರೆ ಈಜು ಬಂದ ಮಗುವೂ ಒಂಟಿಯಾಗಿ ನೀರಿಗಿಳಿಯಬಾರದು, ಗೆಳೆಯ ಮುಳುಗುತ್ತಿದ್ದರೂ ತಾನು ಹಾರಬಾರದು, ಕೋಲನ್ನೋ ಹಗ್ಗವನ್ನೋ ಎಸೆದು ಕೂಗಬೇಕು ಎಂಬುದನ್ನೂ ಜೊತೆಗೇ ಕಲಿಸಿ.

ನಾಯಿಯ ವಿಷಯ. ಅದಕ್ಕೆ ರೇಬೀಸ್ ಲಸಿಕೆ ಹಾಕಿಸಿದ್ದಾರೆಯೇ ಎಂದು ಕೇಳಿ, ಇಲ್ಲವಾದರೆ ಹಾಕಿಸಿ. ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ನೂರಕ್ಕೆ 40ರಷ್ಟು ಮಂದಿ 15 ವರ್ಷದೊಳಗಿನ ಮಕ್ಕಳು. ಬೈಗುಳಕ್ಕೆ ಹೆದರಿ ಮಕ್ಕಳು ಸಣ್ಣ ಗೀರನ್ನು ಮುಚ್ಚಿಡುತ್ತಾರೆ. ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತ್ಯಪರೂಪ. ಆದ್ದರಿಂದ ‘ಯಾವ ಪ್ರಾಣಿ ಕಚ್ಚಿದರೂ ಪರಚಿದರೂ ಬಂದು ಹೇಳು, ಯಾರೂ ಬೈಯುವುದಿಲ್ಲ’ ಎಂದು ಹೋದ ದಿನವೇ ಇಬ್ಬರಿಗೂ ಹೇಳಿಡಿ. ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಪೂರ್ತಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ನಾಯಿ ತಿನ್ನುವಾಗ, ಮಲಗಿರುವಾಗ, ಮರಿಗಳೊಡನೆ ಇರುವಾಗ ಹತ್ತಿರ ಹೋಗಬಾರದೆಂಬುದು ಮೂರೂವರೆ ವರ್ಷದವಳಿಗೂ ಅರ್ಥವಾಗುವ ನಿಯಮ.

ಹಾವುಗಳಿರುವ ಪ್ರದೇಶವಾದರೆ ಕತ್ತಲಾದ ಮೇಲೆ ಬೂಟು ಮತ್ತು ಬ್ಯಾಟರಿ ಇಲ್ಲದೆ ಅಂಗಳಕ್ಕೆ ಇಳಿಯುವುದು ಬೇಡ. ಅಂಗಳದಲ್ಲಿ ಕುಳಿತು ಕತ್ತಲೆ ನೋಡುವ ಮೇಲಿನ ಸಲಹೆಯನ್ನೂ ಅಂಥ ಊರಿನಲ್ಲಿ ಜಗಲಿಯ ಮೇಲಿಂದಲೇ ಪಾಲಿಸಿ. ನೆಲದ ಮೇಲೆ ಮಲಗದೆ ಮಂಚದ ಮೇಲೆ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿಗೆ ಸಿಕ್ಕಿಸಿ ಮಲಗಿದರೆ ಸೊಳ್ಳೆಯ ಜೊತೆಗೆ ಹಾವಿನಿಂದಲೂ ರಕ್ಷಣೆ. ಕಚ್ಚಿದ್ದೇ ಆದರೆ ಮಗುವನ್ನು ನಡೆಸಬೇಡಿ. ಮೂಳೆ ಮುರಿದಾಗ ಮಾಡುವಂತೆ ಕಚ್ಚಿದ ಕೈಕಾಲು ಅಲುಗದ ಹಾಗೆ ಪಟ್ಟಿ ಕಟ್ಟಿ, ಬಳೆ, ಉಂಗುರ, ಗೆಜ್ಜೆಗಳನ್ನು ತೆಗೆದು, ಎತ್ತಿಕೊಂಡು ಆಸ್ಪತ್ರೆಗೆ ಧಾವಿಸಿ. ಹಗ್ಗದಿಂದ ಬಿಗಿಯುವುದು, ಕೊಯ್ಯುವುದು, ಬಾಯಿಂದ ಹೀರುವುದು, ಸೊಪ್ಪು ಅರೆದು ಹಚ್ಚುವುದು ಯಾವುದೂ ಬೇಡ. ವಿಷಕ್ಕೆ ಮದ್ದು ಪ್ರತಿವಿಷ ಒಂದೇ; ಅದು ಸಿಗುವ ಅತಿ ಹತ್ತಿರದ ಆಸ್ಪತ್ರೆ ಯಾವುದೆಂದು ಹೋಗುವ ಮುಂಚೆಯೇ ವಿಚಾರಿಸಿಟ್ಟುಕೊಳ್ಳಿ. 

ಉಳಿದವು ಚಿಕ್ಕವು. ಕರೆದ ಹಾಲನ್ನು ಕಾಯಿಸಿಯೇ ಕುಡಿಸಿ. ಹಸಿ ಹಾಲಿನಿಂದ ಬ್ರೂಸೆಲ್ಲೋಸಿಸ್‌ನಂಥ ರೋಗಗಳು ಬರುತ್ತವೆ. ದನ-ಕೋಳಿಗಳನ್ನು ಮುಟ್ಟಿದ ಮೇಲೆ ಸಾಬೂನಿನಿಂದಲೇ ಕೈತೊಳೆಯಲಿ, ಮಣ್ಣು ಮೆತ್ತಿದ ಕೈಗೆ ಸ್ಯಾನಿಟೈಸರ್ ಸಾಲದು. ಧನುರ್ವಾಯು ಲಸಿಕೆಯ ಸರದಿ ತಪ್ಪಿದ್ದರೆ ಹೊರಡುವ ಮುನ್ನ ಹಾಕಿಸಿ. ತರಚಿದ ಮೊಣಕಾಲು, ಮುಳ್ಳು ಚುಚ್ಚಿದ ಹಿಮ್ಮಡಿ, ಕೆಸರಾದ ಬಟ್ಟೆ, ಊಟಕ್ಕೆ ಒಂದು ಗಂಟೆ ತಡ ಇವನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಲೇಬೇಡಿ.

ಉತ್ತರ 3: ಮೊಮ್ಮಕ್ಕಳಿರುವ ಕೃಷಿಕ

ನಾನು ನಿಮ್ಮ ಮಾವನವರ ಸ್ಥಾನದಲ್ಲಿರುವವನು, ಆದ್ದರಿಂದ ಆ ಕಡೆಯ ಮಾತನ್ನು ಹೇಳುತ್ತೇನೆ. ಮೊಮ್ಮಕ್ಕಳು ಬರುತ್ತಾರೆಂದರೆ ನಮಗೆ ಆಗುವ ಸಂತೋಷವನ್ನು ವಿವರಿಸಬೇಕಾಗಿಲ್ಲ. ಆದರೆ ನಿಮಗೆ ರಜೆಯಾದರೂ ಹೊಲಕ್ಕೆ ರಜೆಯಿಲ್ಲ, ಹಸುವಿಗೂ ಇಲ್ಲ. ಬೆಳಿಗ್ಗೆ ಬೇಗನೆ ಎದ್ದು ಅರ್ಧ ದಿನದ ಕೆಲಸ ಮುಗಿಸಿದವರಿಗೆ ಮಧ್ಯಾಹ್ನ ಮೂರೂವರೆ ವರ್ಷದ ಮಗುವಿನ ಹಿಂದೆ ಓಡುವ ಶಕ್ತಿ ಉಳಿದಿರುವುದಿಲ್ಲ. ಅದನ್ನು ನಾವು ಬಾಯಿಬಿಟ್ಟು ಹೇಳುವುದೂ ಇಲ್ಲ. ಹೇಳಿದರೆ ಮುಂದಿನ ವರ್ಷ ಮಕ್ಕಳನ್ನು ಕಳಿಸಲಾರರೋ ಎಂಬ ಅಂಜಿಕೆ.

ಅತ್ತೆ-ಮಾವನವರಿಗೆ ಹೇಳುವ ಬಗೆ ಕೇಳಿದ್ದೀರಿ. ನೀವು ಹೇಳಬೇಡಿ ತಾಯಿ, ನಿಮ್ಮ ಪತಿ ಹೇಳಲಿ. ಸೊಸೆ ಹೇಳಿದರೆ ಅದು ನಮ್ಮ ಮನೆಯ ಮೇಲಿನ ಟೀಕೆಯಂತೆ ಕೇಳಿಸುತ್ತದೆ. ಮಗ ಹೇಳಿದರೆ ಮಾಡಬೇಕಾದ ಒಂದು ಕೆಲಸವಷ್ಟೇ. ಅದೂ ಫೋನಿನಲ್ಲಿ ಪಟ್ಟಿ ಓದಿದ ಹಾಗೆ ಬೇಡ. ಒಂದು ವಾರ ಮುಂಚೆ ಅವರೊಬ್ಬರೇ ಬಂದು, ತಂತಿ-ಕಂಬ ತಂದು, ಅಪ್ಪನ ಜೊತೆ ನಿಂತು ಬೇಲಿ ಹಾಕಿಸಲಿ. ‘ನಾವೆಲ್ಲ ಹೀಗೆಯೇ ಬೆಳೆದೆವು’ ಎನ್ನುವ ಅವರಿಗೆ ಒಂದು ವಿಷಯ ನೆನಪಿಸಿ: ಅವರು ಬೆಳೆದಾಗ ಆ ಹೊಲದಲ್ಲಿ ಎಷ್ಟು ಯಂತ್ರಗಳಿದ್ದವು, ಎಷ್ಟು ವಿಷದ ಡಬ್ಬಿಗಳಿದ್ದವು? ಅಂಗಳದಲ್ಲಿ ಹತ್ತಾರು ಕಣ್ಣುಗಳು ಮಕ್ಕಳನ್ನು ನೋಡುತ್ತಿದ್ದವು, ಈಗ ಇಬ್ಬರು ಮುದುಕರ ನಾಲ್ಕು ಕಣ್ಣು, ಅವಕ್ಕೂ ಪೊರೆ.

ಔಷಧಿಯ ಕೋಣೆಗೆ ಬೀಗ ಬೀಳಲೇಬೇಕು. ಕೀಟನಾಶಕ ಅದರ ಮೂಲ ಡಬ್ಬಿಯಲ್ಲಿಯೇ ಇರಬೇಕು. ಉಳಿದ ಚೂರನ್ನು ತಂಪು ಪಾನೀಯದ ಬಾಟಲಿಗೆ ಸುರಿದಿಡುವ ಅಭ್ಯಾಸ ನಮ್ಮಂಥವರಲ್ಲಿ ಬಹಳ, ಬಾಯಾರಿದ ಮಗುವಿಗೆ ಬಾಟಲಿ ಎಂದರೆ ಬಾಟಲಿ. ಟ್ರ್ಯಾಕ್ಟರಿನ ವಿಷಯದಲ್ಲಿ ನಾನು ಮೊಮ್ಮಕ್ಕಳ ಅಳುವಿಗೂ ಕರಗುವುದಿಲ್ಲ. ಚಾಲಕನಿಗೊಂದೇ ಸೀಟು ಇರುವ ಯಂತ್ರದ ಮಡ್‌ಗಾರ್ಡಿನ ಮೇಲೆ ಮಗುವನ್ನು ಕೂರಿಸಿಕೊಂಡರೆ, ಒಂದು ಕುಣಿ ಸಿಕ್ಕಿದರೆ ಸಾಕು, ಮಗು ಹಿಂದಿನ ಗಾಲಿಯ ಮುಂದೆ ಬಿದ್ದಿರುತ್ತದೆ. ಹಿಂದಕ್ಕೆ ತೆಗೆಯುವಾಗಲಂತೂ ಮಕ್ಕಳು ಮನೆಯೊಳಗಿದ್ದಾರೆಂದು ಯಾರಾದರೂ ಕೂಗಿ ಹೇಳದ ಹೊರತು ನಾನು ಕೀಲಿ ತಿರುಗಿಸುವುದಿಲ್ಲ. ಕಣಜದಿಂದ ಕಾಳು ಸುರಿಯುತ್ತಿರುವಾಗಲೂ ಹಾಗೆಯೇ. ಸುರಿಯುವ ಕಾಳಿನ ಮೇಲೆ ನಿಂತ ದೊಡ್ಡ ಮನುಷ್ಯನೇ ಕೆಲವು ಕ್ಷಣಗಳಲ್ಲಿ ಸೊಂಟದವರೆಗೆ ಹೂತುಹೋಗುತ್ತಾನೆ.

ಇಷ್ಟನ್ನು ಬಿಗಿ ಮಾಡಿದ ಮೇಲೆ ಉಳಿದ ಹೊಲವೆಲ್ಲ ಅವರದೇ. ಮರ ಹತ್ತಲಿ, ಮಣ್ಣು ತೋಡಲಿ. ಮೊಮ್ಮಗ ಹತ್ತಿದ ಕೊಂಬೆಯಿಂದ ತಾನೇ ಇಳಿಯಬೇಕು, ನಾನು ಏರಿಸುವುದೂ ಇಲ್ಲ ಇಳಿಸುವುದೂ ಇಲ್ಲ ಎಂಬುದೊಂದೇ ನಮ್ಮ ಕಟ್ಟಳೆ. ತಾನಾಗಿ ಹತ್ತಲಾರದ ಎತ್ತರಕ್ಕೆ ಯಾವ ಮಗುವೂ ಹೋಗುವುದಿಲ್ಲ.

ಉತ್ತರ 4: ಪ್ರಾಥಮಿಕ ಶಾಲೆಯ ಶಿಕ್ಷಕ

ಕೊನೆಯ ಸಾಲಿಗೆ ಒಂದು ತಿದ್ದುಪಡಿ: ಜೊತೆಗೆ ದೊಡ್ಡ ಹುಡುಗರಿದ್ದರೆ ಹೋಗುತ್ತದೆ. ಅದನ್ನು ಬಿಟ್ಟರೆ ನಾನೂ ಅದೇ ಪಕ್ಷದವನು. ನಾರ್ವೆಯ ಸಂಶೋಧಕಿ ಎಲೆನ್ ಸ್ಯಾಂಡ್‌ಸೆಟರ್ ಅವರು 2007ರಲ್ಲಿ ಮಕ್ಕಳ ಸಾಹಸದ ಆಟಗಳನ್ನು ಆರು ಬಗೆಯಾಗಿ ವಿಂಗಡಿಸಿದರು: ಎತ್ತರ, ವೇಗ, ಹರಿತವಾದ ಉಪಕರಣ, ನೀರು-ಬೆಂಕಿಯಂಥವುಗಳ ಸಾಮೀಪ್ಯ, ಸೆಣಸಾಟ, ದೊಡ್ಡವರ ಕಣ್ಣಿನಿಂದ ಮರೆಯಾಗುವುದು. ನಗರದ ಮಗುವಿಗೆ ಇವುಗಳಲ್ಲಿ ಒಂದೆರಡು ಸಿಕ್ಕಿದರೆ ಹೆಚ್ಚು. ಹಳ್ಳಿಯ ರಜೆಯ ನಿಜವಾದ ಲಾಭವಿರುವುದು ಅಲ್ಲಿ ಎಂದು ನನ್ನ ಎಣಿಕೆ, ಏಕೆಂದರೆ ಅಪಾಯವನ್ನು ಅಳೆಯುವುದನ್ನು ಮಗು ಅಪಾಯದ ಹತ್ತಿರ ನಿಂತೇ ಕಲಿಯಬೇಕು.

ಆದರೆ ಹಳ್ಳಿಯ ಬಗ್ಗೆ ಭ್ರಮೆಗಳೂ ಬೇಡ. ಮಣ್ಣಿನಲ್ಲಿ ಆಡಿದರೆ ಅಸ್ತಮಾ ಬರುವುದಿಲ್ಲ ಎಂಬ ಮಾತು ಈಗ ಎಲ್ಲೆಡೆ ಕೇಳುತ್ತದೆ. ಅದಕ್ಕೆ ಆಧಾರವಾಗಿರುವ ಅಧ್ಯಯನಗಳಲ್ಲಿ ಪ್ರಸಿದ್ಧವಾದ ಒಂದು 2016ರಲ್ಲಿ ಅಮೆರಿಕದಿಂದ ಬಂತು: ಮನೆಯ ಪಕ್ಕದಲ್ಲಿಯೇ ದನ ಸಾಕುವ ಆಮಿಷ್ ಸಮುದಾಯದ ಮಕ್ಕಳಲ್ಲಿ ಅಸ್ತಮಾ ನೂರಕ್ಕೆ 5ರಷ್ಟಿದ್ದರೆ, ಯಂತ್ರಗಳಿಂದ ಬೇಸಾಯ ಮಾಡುವ, ಮಕ್ಕಳು ಕೊಟ್ಟಿಗೆಯಿಂದ ದೂರವೇ ಬೆಳೆಯುವ ಹಟ್ಟರೈಟ್ ಸಮುದಾಯದಲ್ಲಿ 21ರಷ್ಟಿತ್ತು. ಅವರು ಹುಟ್ಟಿನಿಂದ ಪ್ರತಿದಿನ ಕೊಟ್ಟಿಗೆಯ ಗಾಳಿ ಕುಡಿದವರು. ಒಂದು ರಜೆಯಿಂದ ಅಂಥ ಫಲ ನಿರೀಕ್ಷಿಸುವುದು ಸರಿಯಲ್ಲ; ಈಗಾಗಲೇ ಅಸ್ತಮಾ ಇರುವ ಮಗುವಿಗೆ ಹುಲ್ಲಿನ ಧೂಳು ತೊಂದರೆಯನ್ನೇ ಕೊಡಬಹುದು. ಕಣ್ಣಿನ ವಿಷಯದಲ್ಲಿ ಆಧಾರ ಇನ್ನೂ ಗಟ್ಟಿಯಾಗಿದೆ. ಚೀನಾದ ಗುವಾಂಗ್‌ಝೌ ನಗರದಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ಶಾಲೆಯ ದಿನಗಳಲ್ಲಿ 40 ನಿಮಿಷ ಹೆಚ್ಚಾಗಿ ಹೊರಾಂಗಣ ಚಟುವಟಿಕೆ ಮಾಡಿಸಿದಾಗ, ಮೂರು ವರ್ಷಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ನೂರಕ್ಕೆ 30ರಷ್ಟು, ಉಳಿದ ಶಾಲೆಗಳಲ್ಲಿ 40ಕ್ಕೆ ಹತ್ತಿರ. ಇದು 2015ರಲ್ಲಿ ಪ್ರಕಟವಾಯಿತು. ಇಲ್ಲಿಯೂ ಗಮನಿಸಬೇಕಾದದ್ದು ಮೂರು ವರ್ಷ ಎಂಬುದನ್ನು. ನಗರಕ್ಕೆ ಮರಳಿದ ಮೇಲೂ ಮಗು ದಿನಾಲು ಬೆಳಕಿನಲ್ಲಿ ಹೊರಗಿದ್ದರೆ ಮಾತ್ರ ಪ್ರಯೋಜನ.

ಇನ್ನೊಂದು ಮಾತನ್ನು ಮೇಲಿನ ಯಾರೂ ಹೇಳಲಿಲ್ಲ. ನಿಮ್ಮ ಮಗನಿಗೆ ಕೋಳಿಗೆ ನೀರಿಡುವುದು ರಜೆಯ ಸಂತೋಷ. ಪಕ್ಕದ ಮನೆಯಲ್ಲಿ ಅವನದೇ ವಯಸ್ಸಿನ ಹುಡುಗನಿಗೆ ಅದು ಶಾಲೆಗೆ ಮುಂಚಿನ ಕೆಲಸ, ಕೆಲವೊಮ್ಮೆ ಶಾಲೆಯ ಬದಲಿಗೆ ಮಾಡುವ ಕೆಲಸ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಯುನಿಸೆಫ್‌ನ 2020ರ ಅಂದಾಜಿನಲ್ಲಿ ಜಗತ್ತಿನ ಬಾಲಕಾರ್ಮಿಕರಲ್ಲಿ ನೂರಕ್ಕೆ 70ರಷ್ಟು ಮಂದಿ ಕೃಷಿಯಲ್ಲಿದ್ದರು. ಮನೆಯ ಸಣ್ಣಪುಟ್ಟ ಕೆಲಸ ಬಾಲಕಾರ್ಮಿಕತನವಲ್ಲ, ನಿಜ. ಆದರೂ ಆ ಹುಡುಗ ಬಿಡುವಾಗಿ ಆಟಕ್ಕೆ ಬರುವ ಹೊತ್ತು ಯಾವುದೆಂದು ನಿಮ್ಮ ಮಗ ಮೊದಲು ಕೇಳಿ ತಿಳಿಯಲಿ, ಆಟದ ನಿಯಮವನ್ನು ಅವನಿಂದ ಕಲಿಯಲಿ. ಊರಿನ ಮಕ್ಕಳ ಜೊತೆ ಸೇರಿಕೊಂಡ ಹುಡುಗ ಟ್ಯಾಬ್ ಕೇಳುವುದನ್ನು ನಾನು ಬಹಳ ಕಡಿಮೆ ಕಂಡಿದ್ದೇನೆ. ಒಂಟಿಯಾಗಿ ಉಳಿದವನಿಗೆ ಎಷ್ಟು ದೊಡ್ಡ ಹೊಲವಿದ್ದರೂ ಬೇಸರವೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಮೂರನೆಯ ಉತ್ತರವನ್ನು ಪತಿಗೆ ಓದಿ ಹೇಳಿದೆ. ಯಂತ್ರಗಳ ಮತ್ತು ಕಣ್ಣುಗಳ ಲೆಕ್ಕಕ್ಕೆ ಅವರ ಬಳಿ ಉತ್ತರವಿರಲಿಲ್ಲ; ಮುಂದಿನ ವಾರ ಒಬ್ಬರೇ ಹೋಗಿ ಬೇಲಿ ಹಾಕಿಸಿ, ಕೋಣೆಗೆ ಬೀಗ ಮಾಡಿಸಿ ಬರುತ್ತಾರೆ. ಒಂದು ಗೊಂದಲ ಉಳಿದಿದೆ. ನಾವಿಬ್ಬರೂ ಇಲ್ಲದ ನಡುವಿನ ದಿನಗಳಲ್ಲಿ ಇಬ್ಬರನ್ನೂ ಬಿಟ್ಟು ಬರುವುದೇ, ಅಥವಾ ಚಿಕ್ಕವಳನ್ನು ನನ್ನ ಜೊತೆ ಕರೆತರುವುದೇ? ಕರೆತಂದರೆ ಅತ್ತೆಯವರು ‘ನಮ್ಮ ಮೇಲೆ ನಂಬಿಕೆಯಿಲ್ಲ’ ಎಂದುಕೊಳ್ಳುವರೇನೋ.

ಉತ್ತರ 2ರ ವೈದ್ಯೆ

ಚಿಕ್ಕವಳನ್ನು ಕರೆತನ್ನಿ. ಇದು ನಂಬಿಕೆಯ ಪ್ರಶ್ನೆಯಲ್ಲ, ಕೈಗಳ ಲೆಕ್ಕ. ಮೂರೂವರೆ ವರ್ಷದ ಮಗುವಿಗೆ ಎಚ್ಚರವಿರುವಷ್ಟು ಹೊತ್ತೂ ಬೇರೆ ಕೆಲಸವಿಲ್ಲದ ಒಬ್ಬ ದೊಡ್ಡವರು ಬೇಕು. ಹೊಲವಿರುವ ಮನೆಯಲ್ಲಿ ಅಂಥವರು ಇರುವುದಿಲ್ಲ. ಅತ್ತೆಯವರಿಗೆ ಮಗಳು ರಾತ್ರಿ ನಿಮ್ಮನ್ನು ಬಿಟ್ಟಿರಲಾರಳು ಎಂದು ಹೇಳಿದರೆ ಸಾಕು, ಆ ವಯಸ್ಸಿನಲ್ಲಿ ಅದು ಸುಳ್ಳೂ ಆಗಿರುವುದಿಲ್ಲ.

ಮಗನನ್ನು ನಿಶ್ಚಿಂತೆಯಿಂದ ಬಿಡಿ. ಅಜ್ಜನ ಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿ ಬನ್ನಿ: ಅವನ ತೂಕ (ಔಷಧದ ಪ್ರಮಾಣ ನಿರ್ಧರಿಸುವುದಕ್ಕೆ ಅದು ಬೇಕಾಗುತ್ತದೆ), ಯಾವುದಾದರೂ ಔಷಧಿ ಅಥವಾ ಆಹಾರ ಒಗ್ಗದಿದ್ದರೆ ಅದರ ಹೆಸರು, ಪ್ರತಿವಿಷ ಸಿಗುವ ಆಸ್ಪತ್ರೆಯ ದಾರಿ ಮತ್ತು ದೂರವಾಣಿ, ರಾತ್ರಿ ಹೊತ್ತಿನಲ್ಲಿ ವಾಹನ ತರಬಲ್ಲ ನೆರೆಯವರ ಸಂಖ್ಯೆ. ಲಸಿಕೆ ಪುಸ್ತಕದ ನಕಲನ್ನೂ ಅದರ ಹಿಂದೆ ಸಿಕ್ಕಿಸಿ. ಅಕ್ಷರಗಳು ದೊಡ್ಡದಾಗಿರಲಿ, ಅಜ್ಜನಿಗೆ ಕನ್ನಡಕವಿಲ್ಲದೆಯೂ ಓದಲಾಗಬೇಕು.

ಉತ್ತರ 3ರ ಕೃಷಿಕ

ಹಾಳೆಯನ್ನು ಗೋಡೆಗಲ್ಲ, ಅಡುಗೆಮನೆಯ ಬಾಗಿಲಿನ ಒಳಬದಿಗೆ ಅಂಟಿಸಿ. ನಮ್ಮಂಥ ಮನೆಗಳಲ್ಲಿ ಗೋಡೆಯ ಮೇಲಿನದನ್ನು ಯಾರೂ ನೋಡುವುದಿಲ್ಲ. ಬೇಲಿಯ ಬಾಗಿಲಿನ ಚಿಲಕವನ್ನು ಮಗಳ ಕೈಗೆ ಎಟುಕದ ಹಾಗೆ ಹೊರಮೈಗೆ, ಮೇಲ್ತುದಿಯಲ್ಲಿ ಹಾಕಿಸಲು ನಿಮ್ಮ ಪತಿಗೆ ಹೇಳಿ. ಕೆಲಸದವರು ಮಧ್ಯದಲ್ಲಿ ಹಾಕಿಬಿಡುತ್ತಾರೆ, ಪಕ್ಕದಲ್ಲಿಯೇ ನಿಂತು ಮಾಡಿಸಬೇಕು.